ಧ್ಯಾನಕೂಟದ ಹುರುಪು ಮೂರನೇ ವಾರಕ್ಕೆ ಇಳಿಯುವವರಿಗೆ: ವಿಶ್ವಾಸದ ಬಾಳನ್ನು ಹಂತಹಂತವಾಗಿ ಕಟ್ಟಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಧ್ಯಾನಕೂಟ (ಕೆಲವು ದಿನ ಒಟ್ಟಿಗೆ ಕೂತು ನಡೆಸುವ ಪ್ರಾರ್ಥನಾ ಶಿಬಿರ) ಮುಗಿಸಿ ಮನೆಗೆ ಬಂದ ಮೊದಲ ವಾರ ಐದಕ್ಕೆ ಏಳುತ್ತಾರೆ. ಇಡೀ ಜಪಸರ (ಮಣಿ ಎಣಿಸಿ ಹೇಳುವ ಮರಿಯಳ ಪ್ರಾರ್ಥನೆ), ಬೈಬಲಿನ ನಾಲ್ಕು ಅಧ್ಯಾಯ, ಶುಕ್ರವಾರ ಉಪವಾಸ. ಎರಡನೇ ವಾರ ಏಳುವುದು ಆರಕ್ಕೆ, ಅಧ್ಯಾಯ ಒಂದಕ್ಕೆ ಇಳಿದಿರುತ್ತದೆ. ಮೂರನೇ ವಾರ ಬೈಬಲ್ ಮತ್ತೆ ಶೋಕೇಸಿನಲ್ಲಿ. ಸಾಗರ, ತೀರ್ಥಹಳ್ಳಿ, ಭದ್ರಾವತಿ ಕಡೆಯ ಓದುಗರು ಊರು ಬೇರೆಯಾದರೂ ಹೇಳುವುದು ಇದನ್ನೇ: "ನನಗೆ ಪ್ರಾರ್ಥನೆ ಒಗ್ಗುವುದಿಲ್ಲ."

ನನಗೆ ಹಾಗನ್ನಿಸುವುದಿಲ್ಲ. ಇವರಲ್ಲಿ ಬಹಳ ಜನ ಯಾರ ಜೊತೆಗೋ ಮಾತು ಬಿಟ್ಟಿರುತ್ತಾರೆ, ಇಲ್ಲವೇ ಯಾರಿಗೋ ಕೊಡಬೇಕಾದ್ದು ಬಾಕಿ ಇಟ್ಟುಕೊಂಡಿರುತ್ತಾರೆ. ಪ್ರಾರ್ಥನೆ ಸ್ವಲ್ಪ ಒಳಗಿಳಿದ ಕೂಡಲೇ ಆ ಮುಖ ಎದುರಿಗೆ ಬರುತ್ತದೆ. ಆಗ ಕೆಲವರು ಪ್ರಾರ್ಥನೆಯನ್ನೇ ಬಿಡುತ್ತಾರೆ, ಇನ್ನು ಕೆಲವರು ಆ ಮುಖ ಕಾಣದ ಹಾಗೆ ಇನ್ನೊಂದು ನವೇನ (ಒಂಬತ್ತು ದಿನದ ಪ್ರಾರ್ಥನೆ) ಸೇರಿಸಿಕೊಳ್ಳುತ್ತಾರೆ. ದೇವಾಲಯದ ಬೆಂಚಿನ ಮೇಲೆ ಕೂರುವವನೂ ತೋಟದಲ್ಲಿ ಆಳಿನ ಮೇಲೆ ಕೂಗುವವನೂ ಒಬ್ಬನೇ ಆಗುವುದಕ್ಕೆ ಆತ್ಮಿಕ ಪೂರ್ಣತೆ ಎನ್ನುವುದಾದರೆ, ಅದಕ್ಕೊಂದು ಕ್ರಮ ಬೇಕು. ಕೆಳಗಿನ ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಎಷ್ಟು ಅವಸರಪಟ್ಟರೂ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ.

ಕಥೋಲಿಕರು ಬಳಸುವ ಪದಗಳಲ್ಲೇ ಬರೆದಿದ್ದೇನೆ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟೆಂಟರದು) ಮತ್ತು ಇತರ ಸಭೆಗಳವರು ಎಲ್ಲಿ ಬೇರೆ ದಾರಿ ಹಿಡಿಯಬೇಕೋ ಅಲ್ಲಿ ಹೇಳುತ್ತೇನೆ.

ಶುರು ಮಾಡುವ ಮೊದಲು ಬೇಕಾಗುವುದು

ಅಚ್ಚಾದ ಬೈಬಲ್ ಬೇಕು. ಮಳೆಗಾಲದಲ್ಲಿ ಕರೆಂಟು ಎರಡು ದಿನ ಹೋದರೆ ಮೊಬೈಲಿನ ಬೈಬಲ್ ಮುಗಿಯಿತು. ಅದಕ್ಕಿಂತ ದೊಡ್ಡ ತೊಂದರೆ, ಬೈಬಲ್ ತೆರೆಯಲು ಫೋನ್ ಎತ್ತಿಕೊಂಡವರು ವಾಟ್ಸಾಪಿನಲ್ಲಿ ಮುಗಿಸುತ್ತಾರೆ. ಕಥೋಲಿಕ ಆವೃತ್ತಿಯಲ್ಲಿ 73 ಪುಸ್ತಕಗಳು, ಪ್ರೊಟೆಸ್ಟೆಂಟ್ ಆವೃತ್ತಿಯಲ್ಲಿ 66. ಕೊಳ್ಳುವಾಗ ನೋಡಿಕೊಳ್ಳಿ. ಅಕ್ಷರ ದೊಡ್ಡದಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಕಾಗದಕ್ಕೆಲ್ಲ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಗೋಡೆಗೆ ತಾಗುವ ಕಪಾಟಿನಲ್ಲಿ ಇಡಬೇಡಿ. ಅಡುಗೆಮನೆಯ ಬಿಸಿ ತಾಗುವ ಕಡೆ ಒಣಗಿರುತ್ತದೆ.

ಇನ್ನೊಂದು, ಶಾಲೆ ಮಕ್ಕಳ ನೂರು ಪುಟದ ನೋಟ್‌ಬುಕ್. ಚಂದದ ಡೈರಿ ಬೇಡ, ಅದರಲ್ಲಿ ಜನ ಚಂದದ ಮಾತೇ ಬರೆಯುತ್ತಾರೆ. ಜಪಸರ, ಒಂದು ಮೇಣದಬತ್ತಿ ಅಥವಾ ಟಾರ್ಚು, ದಿನದ ವಾಚನಗಳನ್ನು ಅಚ್ಚು ಮಾಡಿದ ಕ್ಯಾಲೆಂಡರ್. ಇಷ್ಟು ಸಾಕು.

ಭಾಷೆಯ ಬಗ್ಗೆ ಒಂದು ಮಾತು. ಘಟ್ಟದ ಕೆಳಗಿನಿಂದ ಬಂದ ಮನೆಗಳಲ್ಲಿ ಕೊಂಕಣಿ, ಕೇರಳದಿಂದ ಬಂದು ನೆಲೆಸಿದವರಲ್ಲಿ ಮಲಯಾಳ, ಭದ್ರಾವತಿಯ ಕೆಲವು ಮನೆಗಳಲ್ಲಿ ತಮಿಳು, ಚರ್ಚಿನ ಪೂಜೆ ಮಾತ್ರ ಕನ್ನಡದಲ್ಲಿ. ಯಾವ ಭಾಷೆಯಲ್ಲಿ ನಿಮಗೆ ಸಿಟ್ಟು ಬರುತ್ತದೋ ಅದೇ ಭಾಷೆಯಲ್ಲಿ ಪ್ರಾರ್ಥಿಸಿ. ಯಾವ ಭಾಷೆಯನ್ನು ತಡವರಿಸದೆ ಓದುತ್ತೀರೋ ಅದರಲ್ಲಿ ಬೈಬಲ್ ಓದಿ. ಎರಡೂ ಒಂದೇ ಆಗಿರಬೇಕೆಂದೇನಿಲ್ಲ.

ಹಂತ 1: ಹತ್ತು ನಿಮಿಷ, ಒಂದೇ ಜಾಗ

ಗಡಿಯಾರ ನೋಡಿ ಸಮಯ ಇಟ್ಟುಕೊಂಡರೆ ಮಲೆನಾಡಿನಲ್ಲಿ ಉಳಿಯುವುದಿಲ್ಲ. ಅಡಿಕೆ ಕೊಯ್ಲಿನಲ್ಲಿ ಒಂದು ದಿನಚರಿ, ನಾಟಿಯಲ್ಲಿ ಇನ್ನೊಂದು, ಮಕ್ಕಳ ಪರೀಕ್ಷೆಯಲ್ಲಿ ಮತ್ತೊಂದು. ಅದಕ್ಕೆ, ದಿನಾ ತಪ್ಪದೆ ಮಾಡುವ ಯಾವುದಾದರೂ ಒಂದು ಕೆಲಸದ ಜೊತೆ ಪ್ರಾರ್ಥನೆಯನ್ನು ಕಟ್ಟಿಬಿಡಿ. ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆಯ ನೀರು ಕಾಯುವವರೆಗಿನ ಹೊತ್ತು ಒಳ್ಳೆಯದು. ಹಾಲು ಕರೆಯುವ ಮೊದಲು ಆದೀತು. ಶಿವಮೊಗ್ಗ ಪೇಟೆಯಲ್ಲಿರುವವರಿಗೆ ನೀರು ತುಂಬಿಸುವ ಹೊತ್ತು, ಅಥವಾ ಅಂಗಡಿ ಬಾಗಿಲು ತೆಗೆಯುವ ಮೊದಲಿನ ಹತ್ತು ನಿಮಿಷ.

ಮಾಡುವುದು ಇಷ್ಟೇ: ಶಿಲುಬೆಯ ಗುರುತು. ಒಂದು ನಿಮಿಷ ಸುಮ್ಮನೆ ಕೂರುವುದು. ಪರಲೋಕ ಮಂತ್ರವನ್ನು (ಯೇಸು ಕಲಿಸಿದ ಪ್ರಾರ್ಥನೆ) ಒಂದೊಂದು ಸಾಲಿಗೆ ನಿಲ್ಲಿಸಿ ಹೇಳುವುದು. ಒಂದು ಕೀರ್ತನೆ. ಆಮೇಲೆ ಈ ದಿನದ ಒಂದು ಕೆಲಸದ ಬಗ್ಗೆ ನಿಮ್ಮದೇ ಮಾತಿನಲ್ಲಿ ಎರಡು ವಾಕ್ಯ. ಮುಗಿಯಿತು, ಏಳಿ. ಇನ್ನೂ ಕೂರಬೇಕು ಅನ್ನಿಸಿದರೂ ಮೊದಲ ಎರಡು ವಾರ ಏಳಲೇಬೇಕು. ಹಸಿವು ಉಳಿಸಿಕೊಂಡು ಎದ್ದವರು ಮರುದಿನ ಬರುತ್ತಾರೆ.

ಸಾಮಾನ್ಯ ತಪ್ಪು: ಮೊದಲ ದಿನವೇ ಮನೆಮಂದಿಯನ್ನೆಲ್ಲ ಕೂರಿಸುವುದು. ಸಂಜೆಯ ಜಪಸರಕ್ಕೆ ಎಲ್ಲರೂ ಕೂರುವ ರೂಢಿ ಇದ್ದರೆ ಅದು ನಡೆಯಲಿ. ಈ ಹತ್ತು ನಿಮಿಷ ಮಾತ್ರ ನಿಮ್ಮೊಬ್ಬರದು. ಬಾಗಿಲು ಹಾಕಿಕೊಂಡು ಪ್ರಾರ್ಥಿಸಿ ಎಂದು ಯೇಸು ಹೇಳಿದ್ದು ಮತ್ತಾಯನ ಶುಭಸಂದೇಶದ (ಯೇಸುವಿನ ಬಾಳಿನ ಕಥನ) 6ನೇ ಅಧ್ಯಾಯದಲ್ಲಿದೆ.

ಎಚ್ಚರಿಕೆಯ ಗುರುತು: ನೀವು ಪ್ರಾರ್ಥನೆ ಶುರು ಮಾಡಿದ್ದು ವಾರದೊಳಗೆ ಹತ್ತು ಜನಕ್ಕೆ ಗೊತ್ತಾಗಿದ್ದರೆ ಗೊತ್ತುಮಾಡಿದವರು ಯಾರು ಎಂದು ಕೇಳಿಕೊಳ್ಳಿ.

ಹಂತ 2: ಮಾರ್ಕನಿಂದ ಓದು

ಎರಡು ವಾರ ಕಳೆದ ಮೇಲೆ ಓದು ಸೇರಿಸಿ. ಆದಿಕಾಂಡದಿಂದ ಹೊರಟವರು ಯಾಜಕಕಾಂಡದ ಬಲಿವಿಧಿಗಳಲ್ಲಿ ಸಿಕ್ಕಿಕೊಂಡು ನಿಲ್ಲುತ್ತಾರೆ. ಮಾರ್ಕನಿಂದ ಶುರು ಮಾಡಿ. ನಾಲ್ಕು ಶುಭಸಂದೇಶಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯದಂತೆ ತಿಂಗಳು ದಾಟಿ ಒಂದೆರಡು ದಿನಕ್ಕೆ ಮುಗಿಯುತ್ತದೆ. ಆಮೇಲೆ ಲೂಕ. ಅದಕ್ಕೆ 24 ಅಧ್ಯಾಯ, ಹಾಗಾಗಿ ಡಿಸೆಂಬರ್ 1ಕ್ಕೆ ಹಿಡಿದರೆ ದಿನಕ್ಕೊಂದರಂತೆ ಕ್ರಿಸ್ಮಸ್ ಹಿಂದಿನ ದಿನಕ್ಕೆ ಸರಿಯಾಗಿ ಮುಗಿಯುತ್ತದೆ.

ಬಾಯಿಬಿಟ್ಟು ಓದಿ. ಕಣ್ಣಲ್ಲೇ ಓದಿದರೆ ಚಿಕ್ಕಂದಿನಿಂದ ಕೇಳಿದ ಕಥೆ ಎಂದು ಮನಸ್ಸು ಹಾರಿಸಿಬಿಡುತ್ತದೆ. ಓದಿ ಮುಗಿದ ಮೇಲೆ ತಡೆದು ನಿಲ್ಲಿಸಿದ ಒಂದು ವಾಕ್ಯವನ್ನು ನೋಟ್‌ಬುಕ್‌ನಲ್ಲಿ ನಕಲು ಮಾಡಿ. ವ್ಯಾಖ್ಯಾನ ಬರೆಯುವ ಗೋಜು ಬೇಡ.

ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ಕಡೆ ಸಿಕ್ಕಿದ್ದನ್ನು ದೇವರ ಉತ್ತರ ಎಂದುಕೊಳ್ಳುವ ಚಾಳಿ ನಮ್ಮಲ್ಲಿ ಬಹಳ. ಮದುವೆ ಮಾತುಕತೆಗೆ, ಜಮೀನು ಕೊಳ್ಳುವುದಕ್ಕೆ, ಕೊಲ್ಲಿಗೆ ಕೆಲಸಕ್ಕೆ ಹೋಗುವುದಕ್ಕೆ ಹೀಗೆ ಮಾಡಿದವರಿದ್ದಾರೆ. ಅದು ಶಕುನ ಕೇಳುವುದು, ಓದಲ್ಲ.

ಹಂತ 3: ರಾತ್ರಿಯ ಆತ್ಮಶೋಧನೆ

ಕೆಲಸ ನಿಜವಾಗಿ ಶುರುವಾಗುವುದು ಇಲ್ಲಿ. ಹದಿನಾರನೇ ಶತಮಾನದಲ್ಲಿ ಸಂತ ಲೊಯೋಲದ ಇಗ್ನೇಷಿಯಸ್ ಹಾಕಿಕೊಟ್ಟ ರೀತಿ ಇದು, ಐದು ಹೆಜ್ಜೆಯದು. ಮೊದಲು ದಿನದ ಒಳಿತಿಗೆ ವಂದನೆ. ಎರಡನೆಯದು, ನನ್ನನ್ನು ಇದ್ದ ಹಾಗೆ ಕಾಣಲು ಬೆಳಕು ಕೊಡು ಎಂಬ ಬೇಡಿಕೆ. ಮೂರನೆಯದು, ಬೆಳಗಿನಿಂದ ರಾತ್ರಿವರೆಗೆ ದಿನವನ್ನು ಗಂಟೆಗಂಟೆಯಾಗಿ ನಡೆದು ನೋಡುವುದು. ನಾಲ್ಕನೆಯದು ಕ್ಷಮೆ ಕೇಳುವುದು. ಐದನೆಯದು ನಾಳೆ ಒಂದನ್ನು ತಿದ್ದಿಕೊಳ್ಳುವ ನಿಶ್ಚಯ. ಹಾಸಿಗೆಯ ಮೇಲೆ ಮಲಗಿ ಮಾಡಬೇಡಿ, ಮೂರನೇ ಹೆಜ್ಜೆಗೆ ನಿದ್ದೆ ಬಂದಿರುತ್ತದೆ.

ನಾನು ಸೇರಿಸುವುದು ಒಂದೇ ನಿಯಮ: ಗುಣದೋಷದ ಹೆಸರು ಬರೆಯಬೇಡಿ, ಮನುಷ್ಯರ ಹೆಸರು ಬರೆಯಿರಿ. "ಕೋಪ ಮಾಡಿದೆ" ಎಂದು ಬರೆದರೆ ಯಾರಿಗೂ ನೋವಾಗುವುದಿಲ್ಲ, ನಿಮಗೂ ಆಗುವುದಿಲ್ಲ. "ಅತ್ತಿಗೆ ಫೋನ್ ಮಾಡಿದಾಗ ಎತ್ತಲಿಲ್ಲ", "ಸುಲಿಯಲು ಬಂದವರ ಲೆಕ್ಕದಲ್ಲಿ ಒಂದು ಅಳತೆ ಕಡಿಮೆ ಹಿಡಿದೆ" ಎಂದು ಬರೆಯಿರಿ. ಮೊದಮೊದಲು ದಿನಕ್ಕೊಂದು ಹೆಸರು ಬರುತ್ತದೆ. ಎರಡು ಮೂರು ವಾರವಾದ ಮೇಲೆ ಹಿಂದಿನ ಪುಟಗಳನ್ನು ತಿರುವಿ ನೋಡಿ. ಒಂದೋ ಎರಡೋ ಹೆಸರು ಮತ್ತೆ ಮತ್ತೆ ಬಂದಿರುತ್ತವೆ. ಅವಕ್ಕೆ ಗೆರೆ ಹಾಕಿ. ಇನ್ನೂ ಮುಖ್ಯವಾದದ್ದು, ಬರಬೇಕಾಗಿದ್ದೂ ಒಂದು ಸಲವೂ ಬಾರದ ಹೆಸರು. ಅದು ಯಾರದೆಂದು ನಿಮಗೆ ತಕ್ಷಣ ಹೊಳೆಯುತ್ತದೆ.

ಸಾಮಾನ್ಯ ತಪ್ಪು: ವಂದನೆಯನ್ನು ಹಾರಿಸಿ ಸೀದಾ ತಪ್ಪಿನ ಪಟ್ಟಿಗೆ ಹೋಗುವುದು. ಹಾಗೆ ಮಾಡಿದವರು ಹತ್ತೇ ದಿನದಲ್ಲಿ ಕುಗ್ಗಿಹೋಗಿ ನೋಟ್‌ಬುಕ್ ಒಲೆಗೆ ಹಾಕುತ್ತಾರೆ.

ಎಚ್ಚರಿಕೆಯ ಗುರುತು: ಕೈ ತೊಳೆದದ್ದು ಸರಿಯಾಯಿತೋ ಇಲ್ಲವೋ, ಜಪಸರದ ಒಂದು ನಮೋ ಮರಿಯಾ ತಪ್ಪಿತೋ ಏನೋ ಎಂದು ಮತ್ತೆ ಮತ್ತೆ ಅದನ್ನೇ ಮಾಡುತ್ತಿದ್ದರೆ, ಸಣ್ಣದಕ್ಕೂ ನರಕದ ಭಯ ಬಿಡದಿದ್ದರೆ, ಈ ಹಂತವನ್ನು ಅಲ್ಲಿಗೇ ನಿಲ್ಲಿಸಿ. ಫಾದರ್ ಜೊತೆಗೂ ವೈದ್ಯರ ಜೊತೆಗೂ ಮಾತಾಡಿ. ಅದಕ್ಕೆ ಚಿಕಿತ್ಸೆ ಇದೆ.

ಹಂತ 4: ಪಾಪನಿವೇದನೆ

ಮಾಡಿದ ಪಾಪಗಳನ್ನು ಗುರುಗಳ ಮುಂದೆ ಒಪ್ಪಿಕೊಳ್ಳುವುದು ಪಾಪನಿವೇದನೆ. ಧರ್ಮಸಭೆಯ ನಿಯಮ ಅದನ್ನು ವರ್ಷಕ್ಕೊಮ್ಮೆಯಾದರೂ ಮಾಡಬೇಕು ಎನ್ನುತ್ತದೆ. ನಮ್ಮಲ್ಲಿ ಬಹಳ ಜನ ಪವಿತ್ರ ವಾರದಲ್ಲಿ (ಈಸ್ಟರ್ ಹಿಂದಿನ ವಾರ) ಸಾಲಿನಲ್ಲಿ ನಿಂತು ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ: ಸುಳ್ಳು ಹೇಳಿದ್ದೇನೆ, ಕೋಪ ಮಾಡಿದ್ದೇನೆ, ಪೂಜೆ ತಪ್ಪಿಸಿದ್ದೇನೆ. ಚಿಕ್ಕಂದಿನಲ್ಲಿ ಮೊದಲ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ರೊಟ್ಟಿ) ಪಡೆಯುವ ಹೊತ್ತಿಗೆ ಕಲಿತ ಪಟ್ಟಿಯನ್ನೇ ಐವತ್ತನೇ ವಯಸ್ಸಿನಲ್ಲೂ ಒಪ್ಪಿಸುತ್ತಾರೆ. ಮೂರನೇ ಹಂತದ ಮೊದಲು ಇದನ್ನು ಇಡದಿರಲು ಕಾರಣ ಇದೇ. ಈಗ ನಿಮ್ಮ ಹತ್ತಿರ ಗೆರೆ ಹಾಕಿದ ಹೆಸರುಗಳಿವೆ.

ಸಾಲಿನಲ್ಲಿ ನಿಲ್ಲಬೇಡಿ. ಹಬ್ಬವಿಲ್ಲದ ವಾರದ ದಿನ, ಫಾದರ್‌ಗೆ ಮೊದಲೇ ಹೇಳಿ, ಅರ್ಧ ಗಂಟೆ ಕೇಳಿಕೊಳ್ಳಿ. ಗಂಭೀರ ಪಾಪಗಳನ್ನು ಏನು, ಸುಮಾರು ಎಷ್ಟು ಸಲ ಎಂದು ಹೇಳಬೇಕು. ಕಥೆ ಬೇಕಿಲ್ಲ. ಇನ್ನೊಬ್ಬರ ಪಾಪವನ್ನಂತೂ ಹೇಳಲೇಬೇಡಿ. ಗಂಡನ ತಪ್ಪು ಹೇಳಲು ಹೆಂಡತಿ, ಹೆಂಡತಿಯ ತಪ್ಪು ಹೇಳಲು ಗಂಡ ಹೋಗುವುದು ಇದ್ದದ್ದೇ.

"ಊರಿನ ಫಾದರ್, ದಿನಾ ಮುಖ ನೋಡಬೇಕು" ಎಂಬ ಅಂಜಿಕೆ ಸಣ್ಣ ಊರುಗಳಲ್ಲಿ ಸಹಜ. ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ, ಯಾರಿಗೂ, ನ್ಯಾಯಾಲಯದಲ್ಲೂ ಹೇಳುವಂತಿಲ್ಲ. ಹೊರಗೆ ಸಿಕ್ಕಾಗ ನಿಮ್ಮೊಡನೆಯೇ ತಾವಾಗಿ ಆ ಮಾತು ಎತ್ತುವಂತಿಲ್ಲ. ಅಷ್ಟಾದರೂ ಮುಜುಗರ ಹೋಗದಿದ್ದರೆ ಬೇರೆ ಊರಿಗೆ ಹೋಗಿ ಮಾಡಲು ಪೂರ್ಣ ಅವಕಾಶವಿದೆ. ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯದಂಥ ದೊಡ್ಡ ಕಡೆ ನಿಮ್ಮನ್ನು ಯಾರೂ ಗುರುತಿಸುವುದಿಲ್ಲ.

ಸಿ.ಎಸ್.ಐ. ಮತ್ತಿತರ ಸಭೆಯವರು ಈ ಹಂತವನ್ನು ಬಿಡಬೇಡಿ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿ ಎಂಬ ಮಾತು ಯಕೋಬನ ಪತ್ರದ 5ನೇ ಅಧ್ಯಾಯದಲ್ಲಿದೆ. ಪಾಸ್ಟರ್ ಅಥವಾ ಕೇಳಿದ್ದನ್ನು ಹೊರಗೆ ಬಾಯಿಬಿಡದ ಒಬ್ಬ ಹಿರಿಯರು ಸಾಕು. ಸಾಕ್ಷಿ ಹೇಳುವ ನೆಪದಲ್ಲಿ ಇಡೀ ಸಭೆಯ ಮುಂದೆ ಮನೆಯ ಗುಟ್ಟು ಬಿಚ್ಚುವುದು ಬೇಡ.

ಹಂತ 5: ಬಾಕಿ ತೀರಿಸುವುದು

ಜನ ಜಾರುವುದು ಇಲ್ಲೇ. ಕಾಣಿಕೆ ತಂದು ಪೀಠದ ಮುಂದೆ ನಿಂತಾಗ ಸೋದರನಿಗೆ ನಿನ್ನ ಮೇಲೆ ಮನಸ್ತಾಪ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಎಂದು ಯೇಸು ಹೇಳುತ್ತಾನೆ (ಮತ್ತಾಯ 5:23-24). ಗಮನಿಸಿ, ನಿನಗೆ ಅವನ ಮೇಲೆ ಎಂದಿಲ್ಲ, ಅವನಿಗೆ ನಿನ್ನ ಮೇಲೆ ಎಂದಿದೆ. "ನನ್ನ ಮನಸ್ಸಲ್ಲೇನೂ ಇಲ್ಲ" ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ.

ದುಡ್ಡಿನ ಬಾಕಿಯಿಂದ ಶುರು ಮಾಡಿ, ಅದು ಸುಲಭ. ಕೂಲಿ ಬಾಕಿ, ಅಂಗಡಿ ಸಾಲ, ತಂಗಿಗೆ ಕೊಡುತ್ತೇನೆಂದು ಹೇಳಿ ಮರೆತ ಪಾಲು. ಕೂಲಿಯವರಿಗೆ ಹಿಡಿದಿಟ್ಟ ದುಡ್ಡು ಕೂಗಿಕೊಳ್ಳುತ್ತದೆ ಎಂದು ಯಕೋಬ ಬರೆಯುತ್ತಾನೆ (5:4). ಅಡಿಕೆಗೆ ಒಳ್ಳೆ ರೇಟು ಬಂದ ವರ್ಷವೂ ಹಳೇ ಕೂಲಿ ಕೊಟ್ಟವರಿಗೆ ಈ ವಾಕ್ಯ ಸ್ವಲ್ಪ ಚುಚ್ಚಬೇಕು. ಸುಂಕ ವಸೂಲಿಯ ಜಕ್ಕಾಯ ವಂಚಿಸಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19). ನೀವು ಅಸಲಿನಿಂದ ಆರಂಭಿಸಿ. ಕೊಡುವಾಗ ಧರ್ಮ ಮಾಡುವವರ ಹಾಗೆ ಕೊಡಬೇಡಿ, "ಇದು ನಿಮ್ಮದೇ, ತಡವಾಯಿತು" ಅನ್ನಿ.

ಆಮೇಲೆ ಮಾತು ಬಿಟ್ಟವರು. ಬೇಲಿ ಸರಿಸಿದ್ದು, ತೋಟಕ್ಕೆ ಹೋಗುವ ದಾರಿ, ಹಳ್ಳದ ನೀರಿನ ಸರದಿ, ಅಪ್ಪ ತೀರಿದ ಮೇಲಿನ ಪಾಲುಪಟ್ಟಿ. ಮಲೆನಾಡಿನ ಜಗಳಗಳು ಹೆಚ್ಚಾಗಿ ಇವೇ, ಕ್ರೈಸ್ತರದೂ ಬೇರೆಯಲ್ಲ. ಕ್ರಮ ಹೀಗಿರಲಿ. ಮೊದಲು ಒಬ್ಬರೇ ಹೋಗಿ. ದೂರು ಹೇಳಲು ಮೊದಲು ಒಬ್ಬನೇ ಹೋಗಬೇಕು, ಆಮೇಲೆ ಒಬ್ಬಿಬ್ಬರನ್ನು ಕರೆದೊಯ್ಯಬೇಕು, ಕೊನೆಗೆ ಸಭೆ ಎಂಬ ಕ್ರಮ ಮತ್ತಾಯ 18ರಲ್ಲಿದೆ. ಮನ್ನಿಸು ಎನ್ನಲು ಹೋಗುವುದಕ್ಕೂ ಅದೇ ಕ್ರಮ ಚೆನ್ನಾಗಿ ಹೊಂದುತ್ತದೆ. ನಮ್ಮವರು ತಿರುಗುಮುರುಗು ಮಾಡುತ್ತಾರೆ. ಮೊದಲು ಊರಿಗೆಲ್ಲ ಹೇಳಿ, ಆಮೇಲೆ ಫಾದರ್ ಕಿವಿಗೆ ಹಾಕಿ, ಎದುರಾಳಿಯ ಮನೆಗೆ ಮಾತ್ರ ಹೋಗುವುದಿಲ್ಲ. ಹಬ್ಬದ ದಿನ ಹೋಗಬೇಡಿ, ನೆಂಟರಿರುತ್ತಾರೆ. ಕುಡಿದಿರುವ ಹೊತ್ತಿಗೆ ಹೋಗಬೇಡಿ, ನೀವಾಗಲಿ ಅವರಾಗಲಿ. ವಾಟ್ಸಾಪಿನಲ್ಲಿ ಮುಗಿಸಲು ನೋಡಬೇಡಿ.

ಹೇಳುವ ಮಾತು ಚಿಕ್ಕದಿರಲಿ: "ಅಣ್ಣ, ಆವತ್ತು ಅಮ್ಮನ ಮುಂದೆ ನಿನಗೆ ಹಾಗೆ ಅಂದದ್ದು ನನ್ನ ತಪ್ಪು." ಅದರ ಹಿಂದೆಯೇ "ಆದರೆ ನೀನೂ" ಎಂದು ಬಂದರೆ ಹೋದದ್ದು ದಂಡ. ಬೇಲಿಯ ವ್ಯಾಜ್ಯ ಅದೇ ದಿನ ತೀರಬೇಕೆಂದೂ ಇಲ್ಲ. ಸರ್ವೆ ಮಾಡಿಸುವುದು, ಕಾಗದಪತ್ರ ನೋಡುವುದು ತನ್ನ ದಾರಿಯಲ್ಲಿ ನಡೆಯಲಿ. ಕೋರ್ಟಿನಲ್ಲಿ ಕೇಸು ಇದ್ದೂ ಮನೆಗೆ ಹೋಗಿ ಕಾಫಿ ಕುಡಿಯಬಹುದು.

ಬಾಗಿಲು ತೆಗೆಯದಿದ್ದರೆ? ನಿಮ್ಮಿಂದ ಸಾಧ್ಯವಾದ ಮಟ್ಟಿಗೆ ಎಲ್ಲರ ಜೊತೆ ಸಮಾಧಾನದಿಂದಿರಿ ಎಂದು ಪೌಲ ಬರೆಯುತ್ತಾನೆ (ರೋಮ 12:18). ನಿಮ್ಮ ಪಾಲಿನದು ಮುಗಿದಿದೆ. ಆರು ತಿಂಗಳು ಬಿಟ್ಟು ಇನ್ನೊಮ್ಮೆ ಹೋಗಿ. ನಡುವೆ ಬೆಳಗಿನ ಪ್ರಾರ್ಥನೆಯಲ್ಲಿ ಆ ಹೆಸರು ಹೇಳುತ್ತಿರಿ, ಅವರ ಬುದ್ಧಿ ತಿದ್ದು ಎಂದಲ್ಲ, ಅವರ ಮನೆಗೆ ಒಳ್ಳೆಯದು ಮಾಡು ಎಂದು.

ಒಂದು ವಿಷಯಕ್ಕೆ ಇಲ್ಲಿ ರಾಜಿ ಇಲ್ಲ. ಹೊಡೆಯುವ ಗಂಡನ ಬಳಿಗೆ, ಮೈಮುಟ್ಟಿ ಕಾಡಿದವರ ಬಳಿಗೆ ಈ ಹಂತದ ಹೆಸರಿನಲ್ಲಿ ಯಾರೂ ಹೋಗಬೇಕಾಗಿಲ್ಲ. ಕ್ಷಮಿಸುವುದು ಒಂದು, ಮತ್ತೆ ಪೆಟ್ಟು ತಿನ್ನುವ ಜಾಗದಲ್ಲಿ ಹೋಗಿ ನಿಲ್ಲುವುದು ಇನ್ನೊಂದು. ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. "ಹೊಂದಿಕೊಂಡು ಹೋಗಮ್ಮ" ಎಂದು ವಾಪಸ್ ಕಳಿಸುವವರು ಯಾವ ಪೀಠದಲ್ಲಿ ಕೂತಿದ್ದರೂ ಆ ಮಾತು ಕೇಳಬೇಡಿ.

ಹಂತ 6: ಭಾನುವಾರ ಮತ್ತು ಜೊತೆಗಾರರು

ಇದಕ್ಕೆ ಹೆಚ್ಚು ಹೇಳುವುದಿಲ್ಲ. ಪೂಜೆಗೆ ಹೋಗುವ ಮುನ್ನ ಆ ದಿನದ ವಾಚನಗಳನ್ನು ಮನೆಯಲ್ಲೇ ಓದಿಕೊಳ್ಳಿ. ಪರಮಪ್ರಸಾದ ಸ್ವೀಕರಿಸುವ ಒಂದು ಗಂಟೆ ಮೊದಲು ಊಟತಿಂಡಿ ನಿಲ್ಲಿಸಿ, ನೀರಿಗೂ ಔಷಧಿಗೂ ಅಡ್ಡಿಯಿಲ್ಲ. ಭಾನುವಾರದ ಪೂಜೆಗೆ ಶನಿವಾರ ಸಂಜೆಯದು ಸಮ. ಧರೆ ಕುಸಿದು ರಸ್ತೆ ಮುಚ್ಚಿದರೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿದ್ದರೆ ಬಾರದಿರುವುದು ಪಾಪವಲ್ಲ. ಮನೆಯಲ್ಲೇ ವಾಚನ ಓದಿ. ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಮನೆಗೆ ತಂದುಕೊಡುತ್ತಾರೆ, ಆದರೆ ನೀವು ಹೇಳದೆ ಫಾದರ್‌ಗೆ ಗೊತ್ತಾಗುವುದಿಲ್ಲ.

ಜೊತೆಗೆ ಇಬ್ಬರು ಮೂವರು ಬೇಕು. ಕಿರು ಕ್ರೈಸ್ತ ಸಮುದಾಯದ (ಅಕ್ಕಪಕ್ಕದ ಮನೆಯವರು ಸೇರಿ ಪ್ರಾರ್ಥಿಸುವ ಗುಂಪು) ಕೂಟ ನಿಮ್ಮ ವಾರ್ಡಿನಲ್ಲಿ ನಡೆಯುತ್ತಿದ್ದರೆ ಅಲ್ಲಿಗೆ ಹೋಗಿ. ಪದಾಧಿಕಾರಿ ಸ್ಥಾನವನ್ನು ಮಾತ್ರ ಮೊದಲ ವರ್ಷ ಒಪ್ಪಿಕೊಳ್ಳಬೇಡಿ. ಹೊಸ ಹುರುಪಿನವರನ್ನು ಹಬ್ಬದ ಚಂದಾ ಎತ್ತಲು ಹಾಕಿ ಸುಸ್ತು ಮಾಡುವುದು ನಮ್ಮ ಧರ್ಮಕೇಂದ್ರಗಳ ಹಳೇ ಅಭ್ಯಾಸ.

ಹಂತ 7: ಉಪವಾಸ ಮತ್ತು ಕೊಡುವುದು

ಉಪವಾಸ ಇಷ್ಟು ತಡವಾಗಿ ಬಂದದ್ದಕ್ಕೆ ಕೆಲವರಿಗೆ ಆಶ್ಚರ್ಯವಾಗಬಹುದು. ಹೆಚ್ಚಿನವರು ಅಲ್ಲಿಂದಲೇ ಶುರು ಮಾಡುತ್ತಾರೆ, ಕಣ್ಣಿಗೆ ಕಾಣುವ ಸಾಧನೆ ಎಂಬ ಕಾರಣಕ್ಕೆ.

ಲ್ಯಾಟಿನ್ ವಿಧಿಯವರಿಗೆ (ರೋಮಿನ ಪದ್ಧತಿಯ ಕಥೋಲಿಕರಿಗೆ) ಕಡ್ಡಾಯ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಒಂದು ಹೊಟ್ಟೆತುಂಬ ಊಟ, ಎರಡು ಸಣ್ಣ ಫಲಾಹಾರ. 18 ತುಂಬಿದವರಿಂದ 59ರವರೆಗಿನವರಿಗೆ ಇದು ಅನ್ವಯ. ಮಾಂಸ ಬಿಡುವುದು 14ರಿಂದ. ಭದ್ರಾವತಿ ಧರ್ಮಪ್ರಾಂತ್ಯದ ಸೀರೋ ಮಲಬಾರ್ ವಿಧಿಯವರಿಗೆ (ಕೇರಳ ಮೂಲದ ಕಥೋಲಿಕ ಪದ್ಧತಿಯವರಿಗೆ) ತಪಸ್ಸುಕಾಲ (ಈಸ್ಟರ್‌ಗೆ ಮೊದಲಿನ ಉಪವಾಸದ ವಾರಗಳು) ಸೋಮವಾರವೇ ಹಿಡಿಯುತ್ತದೆ, ಅವರ ಕಟ್ಟಳೆ ಬೇರೆ. ಸಕ್ಕರೆ ಕಾಯಿಲೆಯವರು, ಬಸುರಿ ಬಾಣಂತಿಯರು ಉಪವಾಸ ಮಾಡಬೇಕಾಗಿಲ್ಲ. ಅದರ ಬದಲು ಮೊಬೈಲ್ ಬಿಡಿ, ಧಾರಾವಾಹಿ ಬಿಡಿ, ಎಲೆಅಡಿಕೆ ಬಿಡಿ.

ಕುಡಿತದ ಬಗ್ಗೆ ಗಂಭೀರ ಎಚ್ಚರಿಕೆ. ವರ್ಷಗಟ್ಟಲೆ ದಿನಾ ಹೆಚ್ಚು ಕುಡಿಯುತ್ತಿದ್ದವರು ತಪಸ್ಸುಕಾಲದ ವ್ರತವೆಂದು ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಕೈ ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವುದು ಆಗಬಹುದು. ಜೀವಕ್ಕೆ ಅಪಾಯ ಇರುವ ಸ್ಥಿತಿ ಅದು. ಸೈತಾನನ ಕಾಟವೆಂದು ಪ್ರಾರ್ಥನೆಗೆ ಕೂರಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ವ್ರತ ಹಿಡಿಯುವ ಮೊದಲೇ ವೈದ್ಯರನ್ನು ಕಂಡು ಔಷಧಿಯ ಜೊತೆ ಬಿಡುವುದು ಸರಿಯಾದ ದಾರಿ.

ಉಪವಾಸದಲ್ಲಿ ಉಳಿದ ದುಡ್ಡು ಮನೆಯ ಡಬ್ಬಿಗೆ ವಾಪಸಾಗಬಾರದು. ಪಕ್ಕದ ಲೈನ್‌ಮನೆಯ ಮಗುವಿನ ಶಾಲೆಯ ಫೀಸು, ಒಬ್ಬ ಅಜ್ಜಿಯ ತಿಂಗಳ ಮಾತ್ರೆ, ಏನಾದರೂ ಆಗಲಿ, ಕೊಟ್ಟದ್ದು ಯಾರೆಂದು ತಿಳಿಯದ ಹಾಗೆ ಕೊಡಿ.

ಹಂತ 8: ಒಣಗಾಲ ಬಂದಾಗ

ಎಲ್ಲ ಸರಿಯಾಗಿ ನಡೆದರೂ ಒಂದು ದಿನ ಪ್ರಾರ್ಥನೆ ರುಚಿ ಕಳೆದುಕೊಳ್ಳುತ್ತದೆ. ಅದು ಎಲ್ಲರಿಗೂ ಬರುತ್ತದೆ, ಸಂತರಿಗೂ ಬಂದಿದೆ. ಇಗ್ನೇಷಿಯಸ್ ಕೊಟ್ಟ ನಿಯಮ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ: ಮನಸ್ಸು ಬರಡಾಗಿರುವಾಗ ಮೊದಲು ಮಾಡಿದ ನಿರ್ಧಾರವನ್ನು ಬದಲಿಸಬೇಡ. ಹತ್ತು ನಿಮಿಷವನ್ನು ಐದಕ್ಕೆ ಇಳಿಸಬೇಡಿ, ಹದಿನೈದಕ್ಕೆ ಏರಿಸಲೂ ಬೇಡಿ. ಸ್ವಂತ ಮಾತು ಹೊರಡದಿದ್ದರೆ ಕೀರ್ತನೆ 13, 88, 130 ಬಾಯಿಬಿಟ್ಟು ಓದಿ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಅದರ ಕೊನೆಗೆ ಸಮಾಧಾನದ ಸಾಲು ಸೇರಿಸಿಲ್ಲ. ಬೈಬಲ್ ಅದಕ್ಕೂ ಜಾಗ ಕೊಟ್ಟಿದೆ.

ಒಣಗಾಲಕ್ಕೂ ಖಿನ್ನತೆಗೂ ವ್ಯತ್ಯಾಸ ತಿಳಿದಿರಬೇಕು. ಪ್ರಾರ್ಥನೆ ಮಾತ್ರ ಸಪ್ಪೆಯಾಗಿ ಊಟ, ನಿದ್ದೆ, ಕೆಲಸ, ನಗು ಎಲ್ಲ ಇದ್ದ ಹಾಗೇ ಇದ್ದರೆ ಕಾಯಿರಿ. ಎರಡು ವಾರ ದಾಟಿದರೂ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸು ನಿಲ್ಲದೆ, ಬದುಕುವುದೇ ಬೇಡ ಅನ್ನಿಸುತ್ತಿದ್ದರೆ ಅದು ಕಾಯಿಲೆ, ವಿಶ್ವಾಸದ ಕೊರತೆಯಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಈ ಗುರುತು ಕಂಡರೆ ಜಾಗ ಬಿಡಿ

ಒಳಗೆ ಬರಗಾಲ ಇದ್ದಾಗಲೇ ಜನ ಹೊಸ ಹೊಸ ಕೂಟಗಳನ್ನು ಹುಡುಕುತ್ತಾರೆ. ಒಳ್ಳೆಯ ಕೂಟಗಳೂ ಇವೆ. ಆದರೆ ಪ್ರಾರ್ಥನೆಗೆ ಇಷ್ಟೆಂದು ದುಡ್ಡು ನಿಗದಿ ಮಾಡುವವರು, ಗಂಡನಿಗೆ ತಿಳಿಸದೆ ಬಾ ಎನ್ನುವವರು, ನಿಮ್ಮ ಮನೆಯ ತೊಂದರೆಗೆ ಪಕ್ಕದ ಮನೆಯವರು ಮಾಡಿಸಿದ ಮಾಟವೇ ಕಾರಣ ಎಂದು ಬೊಟ್ಟು ಮಾಡುವವರು, ಅಕ್ಕಪಕ್ಕದ ಹಿಂದೂ ಮುಸ್ಲಿಂ ಮನೆಗಳ ಜೊತೆ ಹೂವು ಹಣ್ಣು ಕೊಟ್ಟು ತೆಗೆದುಕೊಳ್ಳುವ ನಂಟನ್ನೇ ಕಡಿದುಕೊಳ್ಳಿ ಎನ್ನುವವರು, ಇವರಿಂದ ದೂರವಿರಿ. ಯಾವುದೇ ಗುರುಗಳನ್ನಾಗಲಿ ಪಾಸ್ಟರ್ ಅವರನ್ನಾಗಲಿ ಮಾರ್ಗದರ್ಶಕರಾಗಿ ಆರಿಸಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ: ಅವರ ಮಾತಿಗೆ ಒಮ್ಮೆ ಇಲ್ಲ ಎನ್ನಿ. ಬೇಸರಪಟ್ಟುಕೊಂಡರೂ ಮರುವಾರ ಎಂದಿನಂತೆ ಮಾತಾಡಿಸಿದರೆ ಅಲ್ಲೇ ಇರಿ.

ಬಿಪಿ, ಸಕ್ಕರೆ, ಫಿಟ್ಸ್, ಮನೋರೋಗದ ಮಾತ್ರೆಗಳನ್ನು ವಿಶ್ವಾಸವಿಟ್ಟು ಬಿಟ್ಟುಬಿಡಿ ಎಂದು ವೇದಿಕೆಯ ಮೇಲಿಂದ ಯಾರಾದರೂ ಹೇಳಿದರೆ ಪ್ರಾರ್ಥನೆ ಮುಗಿಯುವವರೆಗೂ ಕಾಯಬೇಡಿ. ಜೊತೆಗೆ ಬಂದ ಅಜ್ಜ ಅಜ್ಜಿಯರನ್ನೂ ಎಬ್ಬಿಸಿಕೊಂಡು ಹೊರಡಿ, ಆ ರಾತ್ರಿಯ ಮಾತ್ರೆ ನುಂಗಿದರೋ ಇಲ್ಲವೋ ನೀವೇ ನೋಡಿ.